ಮುಚ್ಚಿದ ಗದ್ದೆಗಳಿಗೆ ನೀರು ಬಿಟ್ಟವನು

“ಗುರುಗಳೇ, ಸೊನ್ನೆಯಿಂದ ಭಾಗಿಸಬಾರದೆಂದು ನನಗೆ ಗೊತ್ತು. ಆದರೂ ಪರೀಕ್ಷೆಯಲ್ಲಿ ಅಲ್ಲೇ ಎಡವುತ್ತೇನೆ. ಏಕೆ?”

ಕೇಳಿದವಳು ಶಾಂಭವಿ. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಒಂದೊಂದೇ ಅಂಕದಿಂದ ಸೀಟು ತಪ್ಪಿಸಿಕೊಂಡವಳು. ಎಕ್ಸ್‌ನ ವರ್ಗವು ಐದು ಎಕ್ಸ್‌ಗೆ ಸಮ. ಎಕ್ಸ್‌ನ ಎಲ್ಲ ಬೆಲೆಗಳನ್ನು ಕಂಡುಹಿಡಿಯಿರಿ ಎಂದು ಪ್ರಶ್ನೆಯಿತ್ತು. ಅವಳು ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಐದು ಎಂದು ಬರೆದಿದ್ದಳು. ಸರಿಯುತ್ತರ ಐದು ಮತ್ತು ಸೊನ್ನೆ.

“ಇಲ್ಲಿ ಸೊನ್ನೆ ಎಲ್ಲಿಯೂ ಕಾಣುವುದಿಲ್ಲವಲ್ಲ?” ಎಂದಳು.

ಗುರುಗಳು ಹೇಳಿದರು:

ಒಂದೂರಿನ ಕೆರೆಗೆ ಒಬ್ಬ ನೀರುಗಂಟಿಯಿದ್ದ. ಬೆಳಿಗ್ಗೆ ಕಾಲುವೆಯುದ್ದ ನಡೆದು, ಎಷ್ಟು ಗದ್ದೆಗಳ ಬಾಯಿ ತೆರೆದಿದೆಯೆಂದು ಎಣಿಸಿ, ಆಮೇಲೆ ತೂಬು ಎತ್ತಿ ನೀರನ್ನು ಸಮನಾಗಿ ಹಂಚುವುದು ಅವನ ಕೆಲಸ. ಕೆಲವು ವರ್ಷ ಹಾಗೆಯೇ ಮಾಡಿದ. ಆಮೇಲೆ ಅವನಿಗೊಂದು ವಿಷಯ ಹೊಳೆಯಿತು. ಹತ್ತು ಬಾಯಿ ತೆರೆದಿದ್ದರೆ ನೀರು ಹತ್ತು ಪಾಲಾಗುತ್ತದೆ, ಎರಡು ತೆರೆದಿದ್ದರೆ ಎರಡು ಪಾಲು. ಎಷ್ಟಿದ್ದರೂ ಹಂಚಿಕೆ ಸರಿಹೋಗುತ್ತದೆ. ಮತ್ತೆ ಎಣಿಸುವುದೇಕೆ? ನಡೆಯುವುದನ್ನು ಬಿಟ್ಟ. ನೇರವಾಗಿ ಹೋಗಿ ತೂಬು ಎತ್ತತೊಡಗಿದ. ಹನ್ನೆರಡು ವರ್ಷ ಏನೂ ಕೆಡಲಿಲ್ಲ. ತಾನು ಬುದ್ಧಿವಂತನೆಂದು ಅವನಿಗೆ ಅನ್ನಿಸಿತು.

ಒಂದು ವರ್ಷ ಭತ್ತ ಎಲ್ಲರಿಗೂ ಒಟ್ಟಿಗೆ ಬಲಿಯಿತು. ಇನ್ನು ನೀರು ಬೇಡವೆಂದು ರೈತರೆಲ್ಲ ಒಂದೇ ಸಂಜೆ ಗದ್ದೆಗಳ ಬಾಯಿ ಮುಚ್ಚಿದರು. ನೀರುಗಂಟಿ ನೋಡಿಯೇ ನೋಡುತ್ತಾನೆಂದು ಯಾರೂ ಅವನಿಗೆ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನು ಎಂದಿನಂತೆ ತೂಬು ಎತ್ತಿ ಮನೆಗೆ ಹೋಗಿ ರೊಟ್ಟಿ ತಿಂದ.

ನೀರಿಗೆ ಹೋಗಲು ಜಾಗವಿರಲಿಲ್ಲ. ಅದು ಕಾಲುವೆಯಲ್ಲಿ ಏರಿ, ದಡ ಒಡೆದು, ಕುಂಬಾರರ ಕೇರಿಗೆ ನುಗ್ಗಿತು. ಆವಿಗೆಯಲ್ಲಿ ಸುಡಲೆಂದು ಒಣಗಿಸಿದ್ದ ಎರಡು ತಿಂಗಳ ಮಡಕೆಗಳು ಮತ್ತೆ ಮಣ್ಣಾದವು.

ನೀರುಗಂಟಿ ಓಡಿಬಂದಾಗ ಒಬ್ಬ ಮುದುಕಿ ಕೆಸರಿನಲ್ಲಿ ಕುಳಿತಿದ್ದಳು. ಅವಳು ಬಯ್ಯಲಿಲ್ಲ.

“ಇವತ್ತು ಎಷ್ಟು ಗದ್ದೆಗೆ ನೀರು ಬಿಟ್ಟೆಯಪ್ಪಾ?” ಎಂದು ಕೇಳಿದಳು.

“ಎಷ್ಟಿದ್ದವೋ ಅಷ್ಟಕ್ಕೆ, ತಾಯಿ,” ಎಂದ. ಹೇಳುತ್ತಿದ್ದಂತೆ ಅವನಿಗೇ ನಾಚಿಕೆಯಾಯಿತು.

ಆ ಬೇಸಿಗೆಯಿಡೀ ಅವನು ಕುಂಬಾರರಿಗಾಗಿ ಮಣ್ಣು ಹೊತ್ತ. ಮಳೆಗಾಲದಲ್ಲಿ ಮತ್ತೆ ಕಾಲುವೆಯುದ್ದ ನಡೆಯತೊಡಗಿದ. ಒಂದಾದರೂ ಬಾಯಿ ತೆರೆದಿದ್ದರೆ ತೂಬು ಎತ್ತುತ್ತಿದ್ದ. ಒಂದೂ ಇಲ್ಲದ ದಿನ ತೂಬನ್ನು ಮುಟ್ಟದೆ ಮನೆಗೆ ಮರಳುತ್ತಿದ್ದ. ದಾರಿಯಲ್ಲಿ ಯಾರಾದರೂ “ಇವತ್ತು ಕೆಲಸವಿಲ್ಲವೇ?” ಎಂದರೆ, “ಮುಗಿಸಿಯೇ ಬಂದೆ,” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿ ತನ್ನ ಉತ್ತರಪತ್ರಿಕೆಯನ್ನು ಮತ್ತೊಮ್ಮೆ ನೋಡಿದಳು.

“ಹಾಗಾದರೆ ಭಾಗಿಸುವ ಮೊದಲು, ಈ ಎಕ್ಸ್ ಸೊನ್ನೆಯಾಗಿರಬಹುದೇ ಎಂದು ಕೇಳಬೇಕು. ಆಗಿರಬಹುದಾದರೆ ಭಾಗಿಸದೆ ಅದನ್ನು ಬೇರೆಯಾಗಿ ನೋಡಬೇಕು. ಆದರೆ ಗುರುಗಳೇ, ಸೊನ್ನೆಯೆಂದರೆ ಅಲ್ಲಿ ಏನೂ ಇಲ್ಲವೆಂದಲ್ಲವೇ? ಏನೂ ಇಲ್ಲದ್ದಕ್ಕೆ ಒಂದು ಅಂಕವೇ?”

“ಏನೂ ಇಲ್ಲವೆಂದು ಹೋಗಿ ನೋಡಿ ಬಂದವರಿಗೆ, ಮಗಳೇ,” ಎಂದರು ಗುರುಗಳು.

ಶಾಂಭವಿ ಉತ್ತರಪತ್ರಿಕೆಯಲ್ಲಿ ಐದರ ಪಕ್ಕದಲ್ಲಿ ಒಂದು ಸೊನ್ನೆ ಬರೆದಳು.