ಕಾಶವ್ವನ ಮಗ ಲಿಂಕು ಹಾಕಿದ್ದು

ಬೆಟಗೇರಿಯಲ್ಲಿ ರೊಟ್ಟಿ ಬಡಿದು ಮಾರುವ ಕಾಶವ್ವ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಈರಭದ್ರ. ಹಾಗಂತ ಪೂರ್ತಿ ಹೆಸರು ಹಿಡಿದು ಕರೆದವರು ಯಾರೂ ಇಲ್ಲ, ಊರಿಗೆಲ್ಲ ಅವನು ಈರ್ಯಾ. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಅಂತ ತಾಯಂದಿರು ಅಳುತ್ತಾರೆ. ಕಾಶವ್ವ ಅಳುತ್ತಿದ್ದದ್ದು, ಇವನು ಹೇಳಿದ್ದನ್ನೆಲ್ಲ ಕೇಳುತ್ತಾನಲ್ಲಪ್ಪಾ ಅಂತ! ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ಹುಡುಕುವ ಆಸಾಮಿ.

ನರಗುಂದದ ಮಲ್ಲೇಶಪ್ಪನ ಹಿರಿ ಮಗಳನ್ನು ಸೊಸೆ ಮಾಡಿಕೊಳ್ಳಬೇಕು ಅಂತ ಕಾಶವ್ವನಿಗೆ ಬಲು ಆಸೆ. ಮಲ್ಲೇಶಪ್ಪ ಒಂದೇ ಮಾತು ಹೇಳಿದ್ದ: "ಹುಡುಗಗ ಒಂದು ಉದ್ಯೋಗ ಇರಲಿ. ಶ್ರಾವಣದಾಗ ಮನಿ ನೋಡಾಕ ಬರತೀನಿ."

ಉದ್ಯೋಗ ಎಲ್ಲಿಂದ ತರುವುದು? ಅವಳು ರೊಟ್ಟಿ ಕೊಡುವ ಖಾನಾವಳಿಯಲ್ಲಿ ಹುಡುಗರು ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಆನ್‌ಲೈನ್ ಅಂಗಡಿಯ ಸಾಮಾನಿನ ಲಿಂಕನ್ನು ಮೊಬೈಲಿನಲ್ಲಿ ಹಾಕಬೇಕಂತೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ಹಾಕಿದವನಿಗೆ ಕಮಿಷನ್ನಂತೆ. ಬಂಡವಾಳ ಬೇಡ, ಅಂಗಡಿ ಬೇಡ, ಬುದ್ಧಿಯೂ ಬೇಡ! ಇದು ತನ್ನ ಮಗನಿಗೆಂದೇ ಹುಟ್ಟಿದ ಉದ್ಯೋಗ ಅನ್ನಿಸಿತು ಅವಳಿಗೆ.

"ಈರ್ಯಾ, ಮಂದಿ ಎಲ್ಲಿ ಭಾಳ ಕೂಡಿರ್ತಾರ ನೋಡು, ಅಲ್ಲಿ ಲಿಂಕ್ ಹಾಕು!"

"ಹೂಂ ಯವ್ವಾ!"

ಅದೇ ವಾರ ಓಣಿಯ ಹಿರಿಯ ಸಂಗಪ್ಪಜ್ಜ ತೀರಿಕೊಂಡ. ಓಣಿಯ ವಾಟ್ಸಾಪ್ ಗುಂಪಿನ ತುಂಬ ಮಂದಿ ಕೈ ಮುಗಿದದ್ದೇ ಮುಗಿದದ್ದು. ಇಷ್ಟು ಮಂದಿ ಮತ್ತೆಲ್ಲಿ ಸಿಕ್ಕಾರು? ಈರ್ಯಾ ಅಜ್ಜನ ಫೋಟೋದ ಕೆಳಗೇ ಗಾದಿಯ ಲಿಂಕು ಹಾಕಿದ: "ಒಮ್ಮೆ ಮಲಗಿದರೆ ಏಳಬೇಕು ಅನ್ನಿಸುವುದೇ ಇಲ್ಲ! ಇಂದೇ ಕೊಳ್ಳಿರಿ!"

ಅಜ್ಜನ ಮಕ್ಕಳು ಬಂದು ಮನೆ ಮುಂದೆ ನಿಂತರು. ಕಾಶವ್ವ ಕೈ ಮುಗಿದು, ಸೆರಗೊಡ್ಡಿ ಕಳಿಸಿದಳು.

"ಅಯ್ಯ ನನ್ನ ಹಣೇಬಾರವೇ! ಸತ್ತವರ ಮನಿ ಮುಂದ ಸಂತಿ ಹಚ್ಚತೀಯೇನೋ? ಮಂದಿ ಮಾರಿ ನೋಡಿ, ಯಾರಿಗೆ ಏನ್ ಬೇಕಾಗೇತಿ ತಿಳಕೊಂಡು ಹಾಕಬೇಕೋ!"

"ಹೂಂ ಯವ್ವಾ! ಮಾರಿ ನೋಡಿ ಹಾಕತೀನಿ!"

ಕಾಶವ್ವನ ಕಾಯಂ ಗಿರಾಕಿ ಅಂದರೆ ಸಾಲಿ ಟೀಚರಮ್ಮ. ಆಕೆ ಮಗಳ ಲಗ್ನದ ಫೋಟೋ ಫೇಸ್‌ಬುಕ್ಕಿಗೆ ಹಾಕಿದರು. ಈರ್ಯಾ ಅಳಿಯನ ಮಾರಿ ನೋಡಿದ. ಬಾಸಿಂಗದ ಹಿಂದೆ ತಲೆ ಮಿರಮಿರ ಮಿಂಚುತ್ತಿತ್ತು. "ಅಳಿಯಂದಿರಿಗೆ ತುರ್ತಾಗಿ ಬೇಕಾಗಿದೆ" ಅಂತ ಬರೆದು, ಕೂದಲು ಬೆಳೆಸುವ ಎಣ್ಣೆಯ ಲಿಂಕು ಹಾಕಿದ. ಬೀಗರ ಕಡೆಯವರೆಲ್ಲ ನೋಡಿದರು. ಟೀಚರಮ್ಮ ಅವತ್ತಿನಿಂದ ರೊಟ್ಟಿ ತರಿಸುವುದನ್ನೇ ಬಿಟ್ಟರು.

"ಮಂದಿ ಹುಳುಕು ಎತ್ತಿ ಆಡಬಾರದೋ ಮೂಳಾ! ನಿನ್ನ ಸುದ್ದಿ ನೀ ಹೇಳು! ನಾನ ಬಳಸಿ ನೋಡೀನಿ, ಚಲೋ ಐತಿ, ಅನ್ನು!"

"ಹೂಂ ಯವ್ವಾ! ಬಳಸಿ ನೋಡತೀನಿ!"

ಖಾನಾವಳಿಯ ಹುಡುಗರು ಚೇಷ್ಟೆಗೆ ಅವನ ಹೆಸರಲ್ಲೊಂದು ವೆಬ್‌ಸೈಟ್ ಮಾಡಿಕೊಟ್ಟರು. ಅದರಲ್ಲಿ ಇಳಕಲ್ ಸೀರೆಯ ಲಿಂಕು. ಲಿಂಕಿನ ಮೇಲೆ ತಾಯಿಯ ಸೀರೆ ಉಟ್ಟು, ಸೆರಗು ಹೊದ್ದು, ಮೀಸೆ ತಿರುವಿ ನಿಂತ ಈರ್ಯಾನ ಫೋಟೋ! ಕೆಳಗೆ ಬರೆದಿದ್ದ: "ನಾನೇ ಉಟ್ಟು ನೋಡಿದ್ದೇನೆ. ಚಲೋ ಇದೆ. ಸೈಕಲ್ ಹೊಡೆಯಲು ಮಾತ್ರ ತುಸು ತೊಂದರೆ."

ಕಾಶವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಇದು ನರಗುಂದಕ್ಕೆ ಮುಟ್ಟಿದರೆ ಸೊಸೆ ಕೈ ತಪ್ಪಿದಳು ಅಂತಲೇ ಲೆಕ್ಕ.

"ಅಳಿಸೋ ಅದನ್ನ! ಸರಕು ನಮ್ಮದಲ್ಲೋ ತಮ್ಮಾ! ಮೈಮ್ಯಾಲ ಹಾಕ್ಕೋಬ್ಯಾಡ, ಮನ್ಯಾಗ ಇಟ್ಕೋಬ್ಯಾಡ! ಬೇಕು ಅಂತ ಬಂದವರನ್ನ ಚಲೋ ಸರಕು ಇದ್ದಲ್ಲಿಗೆ ಕಳಸು! ಕಳಸೂದಷ್ಟ ನಮ್ಮ ಉದ್ಯೋಗ!"

"ಹೂಂ ಯವ್ವಾ! ಕಳಸತೀನಿ!"

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು ಅಂತಾರೆ. ಈರ್ಯಾನಿಗೆ ಮಾತ್ರ ಅದು ಬೇಕಾದಷ್ಟು ದಿನ ಬರುತ್ತಿತ್ತು.

ಶ್ರಾವಣ ಬಂತು, ಮಲ್ಲೇಶಪ್ಪನೂ ಬಂದ. ಸೀರೆಯ ಫೋಟೋ ಅವನ ಕಣ್ಣಿಗೆ ಬಿದ್ದಿರಲಿಲ್ಲ, ದೇವರು ದೊಡ್ಡವನು! ಕಾಶವ್ವ ಹೋಳಿಗೆ ಲಟ್ಟಿಸುತ್ತ ಒಳಗೆ ಕೂತಳು, ಕಿವಿ ಮಾತ್ರ ಪಡಸಾಲೆಯಲ್ಲಿ.

"ಏನ್ ಉದ್ಯೋಗ ಮಾಡತೀಪಾ ತಮ್ಮಾ?"

"ಲಿಂಕ್ ಹಾಕತೀನ್ರಿ! ಬೇಕಂದವರಿಗೆ ಚಲೋ ಸರಕು ಎಲ್ಲೈತಿ ಅಂತ ತೋರಸತೀನ್ರಿ!"

"ಭೇಷ್! ಈಗಿನ ಕಾಲದ ಉದ್ಯೋಗ!" ಮಲ್ಲೇಶಪ್ಪ ಖುಷಿಯಾದ. ಬಾಯಿ ತುಂಬ ನಗುತ್ತ ಈರ್ಯಾನ ಬೆನ್ನು ತಟ್ಟಿದ. "ನಮಗೂ ಮಗಳಿಗೊಬ್ಬ ಚಲೋ ವರ ಬೇಕಾಗ್ಯಾನ ನೋಡಪಾ! ಏನಂತಿ?"

ಒಳಗೆ ಕಾಶವ್ವನ ಕಣ್ಣಲ್ಲಿ ನೀರು ತುಂಬಿತು. ಮಗನ ಬಾಳು ಒಂದು ದಡ ಸೇರಿತಲ್ಲ ಅಂತ ಮನಸ್ಸಿನಲ್ಲೇ ವೀರಭದ್ರನಿಗೆ ಕೈ ಮುಗಿದಳು.

"ಬೇಕಾಗ್ಯಾನೇನ್ರಿ?" ಈರ್ಯಾ ಜಿಗಿದು ನಿಂತ. "ಹಂಗಾರ ಈ ಮನ್ಯಾಗಿನದು ಬ್ಯಾಡ್ರಿ! ಹಿಂದಿನ ಓಣ್ಯಾಗ ಲೈನ್‌ಮನ್ ಚನ್ನಬಸು ಅದಾನ್ರಿ. ಸರಕಾರಿ ನೌಕರಿ, ಸ್ವಂತ ಮನಿ, ನನ್ನಂಗ ಪೆದ್ದ ಅಲ್ರಿ! ಬರ್ರಿ, ಕಳಸತೀನಿ!"

ಬರೀ ಮಾತಲ್ಲ, ಕೈ ಹಿಡಿದು ಚನ್ನಬಸುವಿನ ಬಾಗಿಲ ತನಕ ಬಿಟ್ಟು ಬಂದ. ಕಾಶವ್ವ ಲಟ್ಟಣಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಪಡಸಾಲೆ ಖಾಲಿ.

ಕಾರ್ತೀಕದಲ್ಲಿ ಲಗ್ನವಾಯಿತು, ಚನ್ನಬಸುವಿಗೂ ಆ ಹುಡುಗಿಗೂ. ಈರ್ಯಾ ಓಡಾಡಿ ಊಟಕ್ಕೆ ಬಡಿಸಿದ. ಕಾಶವ್ವ ಆ ಕಡೆ ಹಾಯಲಿಲ್ಲ. ಮನೆಯಲ್ಲಿ ಕೂತು ರೊಟ್ಟಿ ಬಡಿದಳು, ಓಣಿಗೆಲ್ಲ ಕೇಳುವಂತೆ ಬಡಿದಳು.

ಸಂಜೆ ಈರ್ಯಾ ಹೆಗಲ ಮೇಲೊಂದು ಹೊಸ ಟಾವೆಲ್ಲು, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು ಓಡಿ ಬಂದ.

"ಯವ್ವಾ! ಯವ್ವಾ! ಮೊದಲನೇ ಕಮಿಷನ್ ಬಂತು! ಇನ್ನೊಂದ್ ಸುದ್ದಿ ಕೇಳು, ಮಲ್ಲೇಶಪ್ಪಗ ಸಣ್ಣಾಕಿ ಮಗಳೂ ಅದಾಳಂತ! ನನ್ನನ್ನ ಕೇಳಿದ್ರು. ಆಕಿಗೂ ಒಬ್ಬ ಚಲೋ ಹುಡುಗನ್ನ ತೋರಿಸಿ ಬಂದೀನಿ!"