ನಂದಿಸದ ದೀಪ

ಶಿಷ್ಯ ಕೇಳಿದ: "ಗುರುಗಳೇ, ನಾನು ಕಟ್ಟಿದ ವಿಡಿಯೋ ಗೇಮಿನಲ್ಲಿ ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ. ಗುಂಡಿ ಇಲ್ಲ, ಮೆನು ಇಲ್ಲ. ಬೇಕಾದದ್ದೆಲ್ಲ ಆ ಲೋಕದೊಳಗಿನ ವಸ್ತುಗಳಲ್ಲೇ ಇದೆ. ಮುಟ್ಟಿದರೆ ತಾನೇ ತಿಳಿಯುತ್ತದೆ. ಆಡುವವರಿಗೆ ಇನ್ನು ಹೇಳಿಕೊಡುವುದಾದರೂ ಏನಿದೆ?"

ಗುರುಗಳು ಹೇಳಿದರು:

ಒಬ್ಬ ಕಸುಬುದಾರನಿದ್ದ. ನಿನ್ನದೇ ಕಸುಬು, ನಿನ್ನದೇ ಜಂಬ. ಅವನ ಹೆಂಡತಿಯ ಕೈಗುಣ ದೊಡ್ಡದು. ಅವಳು ಒಣಕಡ್ಡಿ ಚುಚ್ಚಿದರೂ ಚಿಗುರುತ್ತದೆ ಎಂದು ಬೀದಿಯವರೆಲ್ಲ ಅವಳ ಕೈಯಿಂದಲೇ ಸಸಿ ನೆಡಿಸುತ್ತಿದ್ದರು. ಒಂದು ದಿನ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಳು. ಬಲಗೈ ಒಂದು ಉಳಿಯಿತು. "ಇದೊಂದು ಯಾಕೆ ಉಳೀತೋ" ಎನ್ನುತ್ತಿದ್ದಳು.

ಗಂಡ ಅವಳಿಗಾಗಿ ಒಂದು ಆಟ ಕಟ್ಟಿದ. ಮಲಗಿದಲ್ಲೇ ಬೆರಳಿನಿಂದ ಆಡುವಂಥದು. ಒಂದು ಹಿತ್ತಲು, ಬರಿಯ ಮಣ್ಣು, ತುಳಸಿಕಟ್ಟೆ, ಕಟ್ಟೆಯ ಮೇಲೆ ಉರಿಯುವ ದೀಪ. ಕೆಲಸ ಮುಗಿಸಿ ಆ ದೀಪವನ್ನು ಮುಟ್ಟಿ ನಂದಿಸಿದರೆ ಅಂದು ನೆಟ್ಟದ್ದೆಲ್ಲ ಉಳಿದು ಆಟ ಮುಚ್ಚುತ್ತದೆ. ನಂದಿಸದೆ ಬಿಟ್ಟರೆ ಏನೂ ಉಳಿಯದು. ಜೊತೆಯ ಕೆಲಸಗಾರರು ಹತ್ತು ಜನ ಆಡಿ ನೋಡಿದರು. ಹತ್ತೂ ಜನ ಥಟ್ಟನೆ ನಂದಿಸಿದರು. ಹೆಂಡತಿಗೆ ಅವನು ಏನೂ ಹೇಳಲಿಲ್ಲ. ಹೇಳಿಕೊಟ್ಟರೆ ಕಸುಬಿಗೆ ಅವಮಾನ ಅಂದುಕೊಂಡ.

ಅವಳು ನೆಟ್ಟಳು. ಮಲ್ಲಿಗೆ, ಕನಕಾಂಬರ, ಬಸಳೆ. ನೆಟ್ಟು ಮುಗಿಸಿ, ದೀಪದ ಹತ್ತಿರ ಬೆರಳನ್ನೂ ಒಯ್ಯದೆ, ಯಂತ್ರದ ಪಕ್ಕದ ಗುಂಡಿ ಒತ್ತಿ ಆಫ್ ಮಾಡಿದಳು. ಬೆಳಗ್ಗೆ ತೆರೆದರೆ ಬರೀ ಮಣ್ಣು. ಮತ್ತೆ ನೆಟ್ಟಳು. ಹೀಗೇ ಮೂರು ತಿಂಗಳು. "ಆಟ ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಅವನೇ ತೆರೆದು ನೋಡಿದ.

"ಏನೇ ಇದು, ಒಂದು ಗರಿಕೆಯನ್ನೂ ನೆಟ್ಟಿಲ್ಲವಲ್ಲೇ! ಒಂದು ವರ್ಷ ಕೂತು ಕಟ್ಟಿದ್ದೀನಿ."

"ನೆಟ್ಟೆ ರೀ. ದಿನಾ ನೆಟ್ಟೆ. ಬೆಳಗಾದರೆ ಇರಲ್ಲ. ನನ್ನ ಕೈಗುಣ ಹೋಯ್ತು ಅಂತ ನಿಮ್ಮ ಯಂತ್ರಕ್ಕೂ ಗೊತ್ತಾಗಿದೆ."

"ಅಯ್ಯೋ, ದೀಪ ನಂದಿಸಬೇಕಿತ್ತು ಕಣೇ!"

ಅವಳು ಅವನ ಮುಖವನ್ನೇ ನೋಡಿದಳು. "ತುಳಸಿ ಮುಂದಿನ ದೀಪಾನಾ? ನನ್ನ ಕೈಯಾರೆ? ಹಾಸಿಗೆ ಹಿಡಿದವಳಿಗೆ ಹೇಳೋ ಮಾತೇನ್ರೀ ಇದು?"

ಇಷ್ಟಕ್ಕೇ ಗುರುಗಳು ಕಥೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಇದೇನು ಮಹಾ, ಗುರುಗಳೇ? ದೀಪ ತೆಗೆದು ಅಲ್ಲಿ ಬೇರೆ ಏನಾದರೂ ಇಟ್ಟಿದ್ದರೆ ಆಗಿಹೋಗುತ್ತಿತ್ತು. ಒಂದು ಗಂಟೆಯ ಕೆಲಸ."

"ಅಂದೇ ಇಟ್ಟನಪ್ಪ," ಎಂದರು ಗುರುಗಳು, "ಅವಳು ಆ ಕೈಯನ್ನು ಹೊದಿಕೆಯಿಂದ ಈಚೆ ತೆಗೆಯಲಿಲ್ಲ."