ಕಂಪ್ಯೂಟರಿಗೇರದ ಪುಸ್ತಕಗಳು

ನಲವತ್ತು ಸಾವಿರ ಪುಸ್ತಕಗಳ ಆ ಗ್ರಂಥಾಲಯಕ್ಕೆ ಗುಮಾಸ್ತ ಅಂತ ಇದ್ದವನು ಅಡಿವೆಪ್ಪನೊಬ್ಬನೇ. ಒಂದೊಂದೇ ಪುಸ್ತಕದ ಹೆಸರು, ಬರೆದವರು, ವಿಷಯ, ಪುಟ ಎಂದು ಕಂಪ್ಯೂಟರಿಗೆ ಏರಿಸುತ್ತ ಮೂರು ವರ್ಷದಲ್ಲಿ ಎಂಟು ಸಾವಿರ ಮುಟ್ಟಿದ್ದ. ಕಣ್ಣು ಮಂಜಾಗಿತ್ತು.

ಹೊಸ ಸಾಹೇಬರು ಬಂದವರೇ ಗುಡುಗಿದರು: "ಕಂಪ್ಯೂಟರಿನಲ್ಲಿ ಇಲ್ಲದ್ದು ಇಲ್ಲೂ ಇರಕೂಡದು. ಸೋಮವಾರ ರದ್ದಿ ಲಾರಿ ಬರುತ್ತದೆ, ಹಾಕಿಬಿಡು."

ಅಡಿವೆಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ. ಸೋಮವಾರ ತಾನೇ ಮೊದಲ ಕಟ್ಟು ಹೊತ್ತು ತಂದು, ಸಾಹೇಬರ ಎದುರೇ ಲಾರಿಗೆ ಎಸೆದ.

ಸಾಹೇಬರು ಹೌಹಾರಿದರು. "ಏಯ್! ಅದು ನಾನು ಬರೆದ ಕವನಸಂಕಲನ!"

"ಹೌದ್ರಿ. ಹೋದ ವಾರ ನೀವ ತಂದಿಟ್ಟ ಐವತ್ತು ಪ್ರತಿ. ಕಂಪ್ಯೂಟರಿನ್ಯಾಗ ಇಲ್ರಿ."

"ಈಗಲೇ ಏರಿಸು!"

"ಪುಸ್ತಕ ಬಂದ ಸರದಿ ತಪ್ಪಸಬಾರದಂತ ಆದೇಶಕ್ಕ ನೀವ ಸಹಿ ಹಾಕೀರಿ. ನಿಮ್ದು ಕಟ್ಟಕಡೀದು. ಅದಕ್ಕಿಂತ ಮೊದಲ ಮೂವತ್ತೆರಡು ಸಾವಿರ ಅದಾವ್ರಿ."

ಸಾಹೇಬರು ಬೆವರೊರೆಸಿಕೊಂಡು, ಕಟ್ಟು ಇಳಿಸಿ, ಲಾರಿಯನ್ನು ಖಾಲಿ ಕಳಿಸಿದರು. "ಒಂದನ್ನೂ ಬಿಡದೆ ಏರಿಸು" ಎಂದರು.

ಅಡಿವೆಪ್ಪ ಮನಸ್ಸಿನಲ್ಲೇ ಎಣಿಸಿದ. ಕೆಲಸಕ್ಕೆ ಇನ್ನೂ ಹನ್ನೆರಡು ವರ್ಷ, ತನ್ನ ನಿವೃತ್ತಿಗೆ ಎರಡು. ಆ ಹುದ್ದೆಗೆ ಮತ್ತೊಬ್ಬರನ್ನು ತುಂಬುವುದಿಲ್ಲವೆಂಬ ಆದೇಶವೂ ಬಂದಾಗಿತ್ತು. ಕನ್ನಡಕ ಒರೆಸಿ, ಎಂಟು ಸಾವಿರದ ಒಂದನೆಯ ಪುಸ್ತಕ ಕೈಗೆತ್ತಿಕೊಂಡ.